ಬೀಗವಿಲ್ಲದ ಹದಿನಾಲ್ಕು ಮನೆ

ಸೋಮವಾರ ಬೆಳಿಗ್ಗೆ ಏಳೂಕಾಲಿನ ಬಸ್ಸು ಬರಲಿಲ್ಲ. ಎಲ್ಲೋ ಪಂಕ್ಚರ್ ಆಗಿರಬೇಕು ಅಂದುಕೊಂಡರು ಜನ. ಮಂಗಳವಾರವೂ ಬರದಿದ್ದಾಗ ಡ್ರೈವರಿಗೆ ಹುಷಾರಿಲ್ಲವೇನೋ ಅಂದರು. ಬುಧವಾರ ಹನ್ನೊಂದು ಗಂಟೆಗೆ ಡಿಪೋದಿಂದ ಬೈಕಿನ ಮೇಲೆ ಒಬ್ಬ ಬಂದ. ನಿಲ್ದಾಣದ ಗೋಡೆಗೆ ಒಂದು ಹಾಳೆ ಅಂಟಿಸಿದ. ಯಾರಾದರೂ ಬಾಯಿ ತೆರೆಯುವಷ್ಟರಲ್ಲಿ ಗಾಡಿ ತಿರುಗಿಸಿಕೊಂಡು ಹೊರಟೇಹೋದ.

ಆ ಊರಿಗೆ ಇದ್ದದ್ದು ಅದೊಂದೇ ಬಸ್ಸು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದು ಹೋಗುತ್ತಿತ್ತು. ಪಟ್ಟಣ ಹತ್ತೊಂಬತ್ತು ಕಿಲೋಮೀಟರು. ಬೇರೆ ಬಸ್ಸು ಹಿಡಿಯಬೇಕೆಂದರೆ ಹೆದ್ದಾರಿಯ ಕ್ರಾಸಿನವರೆಗೆ ಆರು ಕಿಲೋಮೀಟರು ನಡೆಯಬೇಕು. ಹೈಸ್ಕೂಲಿಗೆ ಹೋಗುವ ಹನ್ನೊಂದು ಹುಡುಗಿಯರು, ಆಸ್ಪತ್ರೆಯಲ್ಲಿ ಕಸ ಗುಡಿಸುವ ಇಬ್ಬರು ಹೆಂಗಸರು, ತರಕಾರಿ ಬುಟ್ಟಿಯವರು, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಿಷನ್ ನೋಡಿಕೊಳ್ಳುವ ಒಬ್ಬ ಗಂಡಸು, ಎಲ್ಲರ ದಿನವೂ ಆ ಬಸ್ಸಿನ ಹಾರನ್ನಿನಿಂದಲೇ ಶುರುವಾಗುತ್ತಿತ್ತು.

ಪ್ರೆಸ್ಸಿನವನ ಹೆಂಡತಿ ಊರಿನ ಪ್ರೈಮರಿ ಶಾಲೆಯ ಟೀಚರು. ಮಧ್ಯಾಹ್ನದ ಬಿಡುವಿನಲ್ಲಿ ಅವಳೂ ಹೋಗಿ ಆ ಹಾಳೆ ಓದಿದಳು. ಕಳೆದ ಜನಗಣತಿಯ ಪ್ರಕಾರ ಈ ಊರಿನ ಜನಸಂಖ್ಯೆ ನಾನೂರ ಅರವತ್ತೆಂಟು. ಐನೂರಕ್ಕಿಂತ ಕಡಿಮೆ ಜನರಿರುವ ಊರಿಗೆ ದಿನದ ಬಸ್ಸು ಓಡಿಸಲು ಹೊಸ ನಿಯಮದಲ್ಲಿ ಅವಕಾಶವಿಲ್ಲ. ಆದ್ದರಿಂದ ಸೇವೆ ನಿಲ್ಲಿಸಲಾಗಿದೆ. ಕೆಳಗೆ ಮೊಹರು, ಮೊಹರಿನ ಮೇಲೆ ಗೀಚಿದ ಸಹಿ.

ಸುತ್ತ ನಿಂತವರು ಮೊಹರು ನೋಡುತ್ತಿದ್ದರು. ಟೀಚರು ನೋಡಿದ್ದು ಆ ಸಂಖ್ಯೆಯನ್ನು. ನಾನೂರ ಅರವತ್ತೆಂಟು ಅವಳದೇ ಲೆಕ್ಕ. ಮೂರು ವರ್ಷದ ಹಿಂದೆ ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆ ತಿರುಗಿ ಜನಗಣತಿ ಬರೆದವಳು ಅವಳು. ಆ ಲೆಕ್ಕ ಸರಿಯಿಲ್ಲ ಅನ್ನುವುದೂ ಅವಳಿಗೊಬ್ಬಳಿಗೇ ಗೊತ್ತಿತ್ತು. ಗಂಟೆ ಹೊಡೆದ ಮೇಲೂ ಕ್ಲಾಸಿಗೆ ಹೋಗಲು ಅವಳಿಗೆ ಎರಡು ನಿಮಿಷ ಬೇಕಾಯಿತು.

ನಡೆದದ್ದು ದೊಡ್ಡ ಸಂಗತಿಯೇನಲ್ಲ. ಊರಿನ ಪಕ್ಕ ಒಂದು ಹಳ್ಳ ಹರಿಯುತ್ತದೆ. ಹಳ್ಳದಾಚೆ ಕಲ್ಲುಕ್ವಾರಿ, ಕ್ವಾರಿಯ ಬದಿಗೆ ಕಲ್ಲು ಒಡೆಯುವವರ ಹದಿನಾಲ್ಕು ಮನೆ. ಕಾಗದದಲ್ಲಿ ಅದೂ ಈ ಊರೇ. ಜನಗಣತಿಯ ಕೊನೆಯ ದಿನ ಅವಳು ಆ ಮನೆಗಳಿಗೆ ಹೊರಟಿದ್ದಳು. ಹಿಂದಿನ ದಿನದ ಮಳೆಗೆ ಹಳ್ಳ ತುಂಬಿತ್ತು. ಹಳ್ಳ ದಾಟುವ ಕಾಲುಸಂಕದ ನಡುವಿನ ಹಲಗೆ ಕೊಚ್ಚಿಕೊಂಡು ಹೋಗಿತ್ತು. ಅವಳ ಚಪ್ಪಲಿಯ ಬಾರು ಕಿತ್ತಿತ್ತು. ಇಪ್ಪತ್ತೊಂದು ದಿನ ಶಾಲೆಯ ಪಾಠ ಮುಗಿಸಿ ಮನೆಮನೆ ಸುತ್ತಿ ಸುಸ್ತಾದವಳು ದಡದ ಕಲ್ಲಿನ ಮೇಲೆ ಕೂತುಬಿಟ್ಟಳು. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬನನ್ನು ಕೂಗಿ, ಒಟ್ಟು ಎಷ್ಟು ಜನ ಇದ್ದೀರಿ ಎಂದು ಕೇಳಿದಳು. ಅವನು ಏನೋ ಹೇಳಿದ. ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಮೂರು ಕಿಲೋಮೀಟರು ಮೇಲೆ ಹೋದರೆ ಒಡ್ಡಿನ ಮೇಲಿಂದ ದಾಟಬಹುದಿತ್ತು. ಹೋಗಲಿಲ್ಲ. ಅಲ್ಲೇ ಕೂತು, ಫಾರಮ್ಮು ತೆಗೆದು, ಹದಿನಾಲ್ಕು ಮನೆಯ ಮುಂದೆಯೂ ‘ಬೀಗ ಹಾಕಿದೆ’ ಎಂದು ಬರೆದಳು. ಮಾರನೆಯ ದಿನ ಮೇಲ್ವಿಚಾರಕರು ಹಾಳೆ ತಿರುಗಿಸಿಯೂ ನೋಡದೆ ಸಹಿ ಹಾಕಿದರು. ಆ ಕೆಲಸ ಮುಗಿಯಿತು ಅಂದುಕೊಂಡು ಅವಳು ಮರೆತೇಬಿಟ್ಟಿದ್ದಳು.

ಹಾಳೆ ಅಂಟಿಸಿದ ಬುಧವಾರ ಸಂಜೆ ಶಾಲೆಯ ಅಂಗಳದಲ್ಲಿ ಊರಿನವರು ಸೇರಿದರು. ದಿನಸಿ ಅಂಗಡಿಯವನು ಎಲ್ಲರಿಗಿಂತ ಜೋರಾಗಿದ್ದ. ಪಟ್ಟಣದಿಂದ ಅವನ ಸಾಮಾನು ಬರುತ್ತಿದ್ದದ್ದು ಅದೇ ಬಸ್ಸಿನ ತಲೆಯ ಮೇಲೆ. ಡಿಪೋದವರು ಕಣ್ಣು ಮುಚ್ಚಿಕೊಂಡು ಬರೆದಿದ್ದಾರೆ, ಊರಲ್ಲಿ ಇಷ್ಟೇನಾ ಜನ ಇರೋದು ಅಂತ ಅವನ ವಾದ. ಒಬ್ಬರು ಮಂತ್ರಿಗಳಿಗೆ ಪತ್ರ ಬರೆಯೋಣ ಅಂದರು, ಇನ್ನೊಬ್ಬರು ರಸ್ತೆಗೆ ಅಡ್ಡ ಕೂರೋಣ ಅಂದರು. ಬಸ್ಸೇ ಇಲ್ಲದ ರಸ್ತೆಗೆ ಅಡ್ಡ ಕೂತರೆ ನೋಡೋರು ಯಾರು ಎಂದು ಕ್ಷೌರಿಕ ಕೇಳಿದ. ಕಮ್ಮಿ ಬಿದ್ದಿರೋದು ಮೂವತ್ತೆರಡು ತಲೆ, ಹೊಸದಾಗಿ ಮದುವೆಯಾದವರು ಮನಸ್ಸು ಮಾಡಿದರೆ ವರ್ಷದೊಳಗೆ ಬಸ್ಸು ಬರುತ್ತದೆ ಅಂತಲೂ ಸೇರಿಸಿದ. ಜನ ನಕ್ಕರು. ಲೆಕ್ಕ ಬರೆದವರು ಯಾರು ಎಂದು ಅಷ್ಟರಲ್ಲಿ ಯಾರೋ ಕೇಳಿದರು. ಟೀಚರು ಕಂಬಕ್ಕೆ ಒರಗಿ ನಿಂತಿದ್ದವಳು, ನಾನೇ ಅಂದಳು. ಟೀಚರು ಬರೆದಿದ್ದರೆ ಸರಿಯಾಗೇ ಬರೆದಿರುತ್ತಾರೆ ಬಿಡಿ ಅಂದ ಅಂಗಡಿಯವನು. ಮಾತು ಬೇರೆ ಕಡೆ ಹೊರಳಿತು. ಆ ಒಂದು ಮಾತು ಅವಳನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮನೆಗೆ ಬಂದಾಗ ಅತ್ತೆ ಹಿತ್ತಲ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಅತ್ತೆ ಮೂವತ್ತು ವರ್ಷ ಸೂಲಗಿತ್ತಿಯಾಗಿದ್ದವರು. ಈಗ ಮಂಡಿ ನೋವಿನಿಂದ ಮನೆಯಲ್ಲೇ. ಗಂಡ ಇನ್ನೂ ಬಂದಿರಲಿಲ್ಲ, ಕ್ರಾಸಿನಿಂದ ನಡೆದು ಬರಬೇಕಿತ್ತು. ಟೀಚರು ಅತ್ತೆಯ ಪಕ್ಕ ಕೂತು ತಾನೂ ಒಂದು ಗಡ್ಡೆ ಕೈಗೆತ್ತಿಕೊಂಡಳು. ಸಿಪ್ಪೆ ಸುಲಿಯುತ್ತ ಸುಲಿಯುತ್ತ ಎಲ್ಲವನ್ನೂ ಹೇಳಿದಳು. ಹಲಗೆಯ ವಿಷಯ, ಚಪ್ಪಲಿಯ ವಿಷಯ, ಬೀಗದ ವಿಷಯ.

ಅತ್ತೆ ಬೆಳ್ಳುಳ್ಳಿ ಕೆಳಗಿಟ್ಟು ಎರಡೂ ಅಂಗೈಗಳನ್ನು ಅವಳ ಮುಂದೆ ಚಾಚಿದರು.

“ಆ ಹದಿನಾಲ್ಕು ಮನೆಯಲ್ಲಿ ಒಂಬತ್ತು ಮಕ್ಕಳು ಈ ಕೈಯಲ್ಲಿ ಹುಟ್ಟಿದ್ದು. ಒಂದು ಸಲವೂ ಅಲ್ಲಿ ಬೀಗ ಅನ್ನೋದನ್ನ ನಾನು ಕಂಡಿಲ್ಲ. ಕೆಲವು ಮನೆಗೆ ಬಾಗಿಲೇ ಇರಲಿಲ್ಲ, ಬೀಗ ಎಲ್ಲಿಗೆ ಹಾಕಿದೆಯಮ್ಮ ನೀನು?”

ಅತ್ತೆ ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದರು. ಅತ್ತು ಕೂತರೆ ಬಸ್ಸು ಬರೋದಿಲ್ಲ, ಭಾನುವಾರ ರಜೆ ತಾನೇ, ಹೋಗಿ ಎಣಿಸಿಕೊಂಡು ಬಾ ಅಂದರು. ಎಣಿಸುವ ಮೊದಲು ಉಳಿಯಜ್ಜಿಯ ಹತ್ತಿರ ಮಾತಾಡು, ಆ ಕೇರಿಯಲ್ಲಿ ಅವಳು ತಲೆ ಆಡಿಸದೆ ಯಾರೂ ಬಾಯಿ ಬಿಡುವುದಿಲ್ಲ ಅಂತಲೂ ಹೇಳಿಕೊಟ್ಟರು.

ಗಂಡ ಬಂದ ಮೇಲೆ ಅವನಿಗೂ ಹೇಳಿದಳು. ಅವನು ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತಲೇ ಕೇಳಿಸಿಕೊಂಡ. ಮುಂದಿನ ವರ್ಷ ಹೆಡ್ಮಿಸ್ಸು ನಿವೃತ್ತಿಯಾಗುತ್ತಾರೆ, ಆ ಜಾಗಕ್ಕೆ ನಿನ್ನ ಹೆಸರೇ ಮೊದಲಿದೆ, ಇದನ್ನು ಬರೆದುಕೊಟ್ಟರೆ ಅದಕ್ಕೆ ಕಲ್ಲು ಬಿತ್ತು ಅಂತಲೇ ತಿಳಿ ಅಂದ. ತಿಳಿದಿದ್ದೇನೆ ಅಂದಳು. ಅವನು ಆಮೇಲೆ ಆ ಮಾತು ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಹಳ್ಳಕ್ಕೆ ಹೋದಳು. ಹೋದ ಹಲಗೆಯ ಜಾಗಕ್ಕೆ ಮೂರು ವರ್ಷವಾದರೂ ಹಲಗೆ ಬಂದಿರಲಿಲ್ಲ. ಎರಡು ಹಳೆಯ ವಿದ್ಯುತ್ ಕಂಬ ಉದ್ದಕ್ಕೆ ಮಲಗಿಸಿದ್ದರು. ಕೈಗೆ ಆಸರೆಯಿಲ್ಲ. ಅವಳು ಚಪ್ಪಲಿ ಬಿಚ್ಚಿ ಚೀಲಕ್ಕೆ ತುರುಕಿ, ಕೆಳಗೆ ನೋಡದೆ, ಒಂದೊಂದೇ ಹೆಜ್ಜೆ ಇಟ್ಟು ದಾಟಿದಳು. ದಾಟಿದ ಮೇಲೆ ತಿರುಗಿ ಆ ಕಂಬಗಳನ್ನು ನೋಡಿದಳು. ಆ ಕಡೆಯ ಮಕ್ಕಳು ಯಾಕೆ ಶಾಲೆಗೆ ಮೂರು ದಿನ ಬಂದರೆ ನಾಲ್ಕು ದಿನ ಬರುವುದಿಲ್ಲ ಎಂದು ಅವಳು ಎಷ್ಟೋ ಸಲ ರೇಗಿದ್ದಳು. ಆ ರೇಗಿದ್ದೆಲ್ಲ ಈಗ ನೆನಪಾಯಿತು.

ಉಳಿಯಜ್ಜಿ ಕೇರಿಯ ಮೊದಲ ಮನೆಯ ಮುಂದೆ ಕುಲುಮೆಯ ಹತ್ತಿರ ಕೂತಿದ್ದಳು. ಕಲ್ಲು ಒಡೆಯುವವರ ಉಳಿಗಳು ದಿನಾ ಮೊಂಡಾಗುತ್ತವೆ. ಅವನ್ನು ಕಾಯಿಸಿ, ಬಡಿದು, ಮೊನೆ ಮಾಡಿಕೊಡುವುದು ಅವಳ ಕಸುಬು. ಗಂಡ ಸತ್ತ ಮೇಲೆ ಅವನ ಸುತ್ತಿಗೆಯನ್ನು ಅವಳೇ ಹಿಡಿದಿದ್ದಳು. ಬಡಕಲು ಮೈ, ಆದರೆ ಮುಂಗೈ ಮಾತ್ರ ಗಂಡಸಿನದರಂತೆ. ಸೂಲಗಿತ್ತಿಯ ಸೊಸೆ ಎಂದು ಗೊತ್ತಾದ ಮೇಲೆ ಕೂರಲು ಒಂದು ಕಲ್ಲು ತೋರಿಸಿದಳು.

ಟೀಚರು ಸುತ್ತಿ ಬಳಸಲಿಲ್ಲ. ಮೂರು ವರ್ಷದ ಹಿಂದೆ ನಿಮ್ಮನ್ನೆಲ್ಲ ಎಣಿಸಬೇಕಿತ್ತು, ಹಳ್ಳ ದಾಟದೆ ಮನೆಗೆಲ್ಲ ಬೀಗ ಹಾಕಿದೆ ಎಂದು ಸುಳ್ಳು ಬರೆದೆ, ತಪ್ಪಾಯಿತು, ಈಗ ಸರಿಯಾಗಿ ಎಣಿಸಲು ಬಂದಿದ್ದೇನೆ ಅಂದಳು. ಅಷ್ಟರಲ್ಲಿ ಆರೇಳು ಜನ ಸುತ್ತ ಸೇರಿದ್ದರು. ಯಾರೂ ಕೂಗಾಡಲಿಲ್ಲ. ಅಜ್ಜಿ ಇಕ್ಕಳದಲ್ಲಿ ಹಿಡಿದಿದ್ದ ಉಳಿಯನ್ನು ನೀರಿಗೆ ಅದ್ದಿದಳು. ಅದು ಚುಂಯ್ ಎಂದು ಸದ್ದು ಮಾಡಿ ಆರಿತು.

“ಬಸ್ಸು ನಿಂತಿದ್ದಕ್ಕೆ ಬಂದೆ, ಅಲ್ವಾ?” ಅಂತ ಕೇಳಿದಳು ಆಮೇಲೆ. “ನಿಂತಿರದಿದ್ದರೆ ಬರ್ತಿದ್ದೆಯಾ?”

“ಇಲ್ಲ ಅಜ್ಜಿ, ಬರ್ತಿರಲಿಲ್ಲ.”

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿ ತಲೆದೂಗಿದಳು, ಉತ್ತರ ಹಿಡಿಸಿತೋ ಇಲ್ಲವೋ ಹೇಳುವುದು ಕಷ್ಟವಿತ್ತು. ಆಮೇಲೆ ಅವಳು ಲೆಕ್ಕ ಒಪ್ಪಿಸುವಂತೆ ಮಾತಾಡಿದಳು. ಬಸ್ಸು ಊರ ನಡುವೆ ನಿಂತು ಅಲ್ಲಿಂದಲೇ ತಿರುಗಿ ಹೋಗುತ್ತದೆ. ಕ್ವಾರಿಯವರು ಈ ಕಂಬದ ಮೇಲೆ ಹಳ್ಳ ದಾಟಿ, ಮುಳ್ಳುಕಂಟಿಯ ನಡುವಿನ ಗಾಡಿದಾರಿಯಲ್ಲಿ ಅರ್ಧ ಮೈಲಿ ನಡೆದು ಹೋಗುವಷ್ಟರಲ್ಲಿ ಅದು ಹೊರಟಿರುತ್ತದೆ. ಕಾಲಿನ ಮೇಲೆ ಕಲ್ಲು ಬಿದ್ದವನನ್ನು ಹೊತ್ತುಕೊಂಡು ಓಡಿ, ಕಣ್ಣೆದುರೇ ಬಸ್ಸು ತಪ್ಪಿದ್ದು ಎರಡು ಸಲ. ಆ ಬಸ್ಸು ಬಂದರೂ ಒಂದೇ, ಹೋದರೂ ಒಂದೇ ನಮಗೆ. ನಿಮ್ಮ ಬಸ್ಸಿಗೆ ನಮ್ಮ ತಲೆ ಯಾಕೆ ಕೊಡಬೇಕು?

“ತಲೆ ಕೊಡ್ತೀವಿ,” ಅಂದಳು ಕೊನೆಗೆ. “ಬಸ್ಸು ಹಳ್ಳದ ದಡಕ್ಕೆ ಬಂದು ನಿಲ್ಲಬೇಕು. ಸಂಕ ಆಗಬೇಕು. ಅದನ್ನೂ ನಿನ್ನ ಕಾಗದದಲ್ಲಿ ಬರಿ. ಬರೆಯೋದಿದ್ದರೆ ಒಳಗೆ ಬಾ.”

ಸಂಕ ಮಾಡಿಸುವುದು ನನ್ನ ಕೈಯಲ್ಲಿಲ್ಲ, ಕೇಳುವುದು ಮಾತ್ರ ನನ್ನ ಕೈಯಲ್ಲಿದೆ, ಎರಡೂ ಆಗುವವರೆಗೆ ಕೇಳುತ್ತಲೇ ಇರುತ್ತೇನೆ ಅಂದಳು ಟೀಚರು. ಅಜ್ಜಿ ಎದ್ದು ಒಳಗೆ ನಡೆದಳು. ಅದೇ ಒಪ್ಪಿಗೆ.

ಆ ದಿನ ಸಂಜೆಯವರೆಗೆ ಅವಳು ಹದಿನಾಲ್ಕು ಮನೆಯನ್ನೂ ಹೊಕ್ಕಳು. ಗೋಡೆಯೆಲ್ಲ ಕ್ವಾರಿಯಲ್ಲಿ ಒಡೆದು ಬಿಟ್ಟ ಚೂರುಗಲ್ಲಿನದು, ಸೂರು ತಗಡಿನದು, ತಗಡು ಹಾರದಂತೆ ಮೇಲೆ ಕಲ್ಲು. ಒಂದು ಮನೆಯಲ್ಲಿ ಹೊಲಿಗೆ ಮಿಷನ್ನಿತ್ತು, ಇನ್ನೊಂದರಲ್ಲಿ ಕಾಲು ಮುರಿದುಕೊಂಡವನು ಹಾಸಿಗೆಯಿಂದಲೇ ಎಲ್ಲರ ವಯಸ್ಸು ಹೇಳಿದ. ಎಣಿಸಬೇಕಾಗಿದ್ದದ್ದು ಈಗ ಇರುವವರನ್ನಲ್ಲ, ಮೂರು ವರ್ಷದ ಹಿಂದೆ ಆ ದಿನ ಇದ್ದವರನ್ನು. ಆದ್ದರಿಂದ ಆಮೇಲೆ ಹುಟ್ಟಿದ ಕೂಸುಗಳನ್ನು ಬಿಡಬೇಕಾಯಿತು. ಆಮೇಲೆ ಸತ್ತ ಇಬ್ಬರನ್ನು ಸೇರಿಸಬೇಕಾಯಿತು. ಸತ್ತವರಲ್ಲಿ ಒಬ್ಬ, ಆ ದಿನ ದಡದಲ್ಲಿ ಬಟ್ಟೆ ಒಗೆಯುತ್ತ ನಿಂತಿದ್ದವನು. ಅವನ ಹೆಂಡತಿಯೇ ನೆನಪಿಸಿದಳು. ಮಳೆ ನಿಂತ ಮಾರನೆಯ ದಿನ ಟೀಚರು ಆಚೆಯಿಂದ ಏನೋ ಕೇಳಿದರು, ಅರವತ್ತು ಚಿಲ್ಲರೆ ಅಂತ ಕೂಗಿ ಹೇಳಿದೆ ಎಂದು ಅವನು ಮನೆಯಲ್ಲಿ ಅಂದಿದ್ದನಂತೆ. ಟೀಚರು ಅವನ ಹೆಸರು ಬರೆದಳು.

ಪ್ರತಿ ಮನೆಯಲ್ಲೂ ಜನ ‘ಎಷ್ಟು ವರ್ಷದಿಂದ ವಾಸ’ ಎಂಬ ಕಾಲಮ್ಮಿನ ಮೇಲೆ ಬೆರಳಿಟ್ಟರು. ಅದನ್ನು ಸರಿಯಾಗಿ ಬರೆಯಿರಿ ಎಂದರು. ಕಾರಣವಿತ್ತು. ಕ್ವಾರಿಯ ಮಾಲೀಕ ಆ ಜಾಗ ಖಾಲಿ ಮಾಡಿಸಬೇಕೆಂದಿದ್ದ. ಇವರೆಲ್ಲ ಮೊನ್ನೆ ಮೊನ್ನೆ ಬಂದು ಗುಡಿಸಲು ಹಾಕಿಕೊಂಡವರು, ಸರ್ಕಾರದ ಯಾವ ಪುಸ್ತಕದಲ್ಲೂ ಇವರಿಲ್ಲ ಎಂದು ಅರ್ಜಿ ಕೊಟ್ಟಿದ್ದ. ಇವರು ಬಂದು ನಲವತ್ತು ವರ್ಷವಾಗಿತ್ತು. ಊರಿನ ಶಾಲೆಯ ಅಡಿಪಾಯದ ಕಲ್ಲು ಅಜ್ಜಿಯ ಗಂಡ ಒಡೆದದ್ದು.

ಮನೆಗೆ ಬಂದು ಕೂಡಿದಾಗ ಅರವತ್ತೊಂದು. ಊರಿನ ಲೆಕ್ಕಕ್ಕೆ ಸೇರಿದರೆ ಐನೂರ ಇಪ್ಪತ್ತೊಂಬತ್ತು.

ಬುಧವಾರ ರಜೆ ಹಾಕಿ ಕ್ರಾಸಿಗೆ ನಡೆದು, ಪಟ್ಟಣದ ಬಸ್ಸು ಹಿಡಿದು, ಸಾರಿಗೆ ಕಚೇರಿಗೆ ಹೋದಳು. ಅಧಿಕಾರಿ ಮೇಜಿನ ಕೆಳಗೆ ಬೂಟು ಬಿಚ್ಚಿಟ್ಟು ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು ಕೂತಿದ್ದರು. ಪಟ್ಟಿಯನ್ನು ತಾಳ್ಮೆಯಿಂದ ಓದಿದರು. ಓದಿ ವಾಪಸು ಕೊಟ್ಟರು. ನನಗೆ ಬೇಕಾದ್ದು ಜನಗಣತಿ ಕಚೇರಿಯ ಮೊಹರಿರುವ ಸಂಖ್ಯೆ, ನೀವು ಕೈಯಲ್ಲಿ ಬರೆದದ್ದಲ್ಲ ಅಂದರು. ಬಸ್ಸು ಹಳ್ಳದವರೆಗೆ ಬರಬೇಕು ಅಂದಾಗ ಅವರಿಗೆ ನಗು ಬಂತು. ಅಲ್ಲಿ ಬಸ್ಸು ತಿರುಗಲು ಜಾಗವಿದೆಯಾ ಎಂದು ಕೇಳಿದರು. ಒಂದು ದೊಡ್ಡ ಬಂಡೆಯಿದೆ ಅಂದಳು. ಹಾಗಾದರೆ ಆ ಬಂಡೆಯನ್ನು ಕೇಳಿಕೊಂಡು ಬನ್ನಿ ಅಂದರು.

ಜನಗಣತಿ ಕಚೇರಿ ಇನ್ನೊಂದು ಬೀದಿಯಲ್ಲಿ, ಮೂರನೇ ಮಹಡಿಯಲ್ಲಿ. ಮೂರು ವರ್ಷದ ಹಿಂದೆ ಅವಳ ಫಾರಮ್ಮಿಗೆ ಸಹಿ ಹಾಕಿದ ಮೇಲ್ವಿಚಾರಕರೇ ಈಗ ಅಲ್ಲಿಯ ಮುಖ್ಯಸ್ಥರು. ಅವಳು ಹೇಳಿದ್ದನ್ನು ಕೇಳಿ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು. ಟೀ ತರಿಸಿದರು. ಗಣತಿದಾರರೇ ತಪ್ಪೊಪ್ಪಿ ಹೇಳಿಕೆ ಕೊಟ್ಟರೆ ಮಾತ್ರ ತಿದ್ದುಪಡಿ ಮಾಡಬಹುದು, ಆದರೆ ಅದರ ಜೊತೆಗೆ ವಿಚಾರಣೆ ಬರುತ್ತದೆ, ಅದು ನಿಮಗೂ ಒಳ್ಳೆಯದಲ್ಲ, ನಿಜ ಹೇಳಬೇಕೆಂದರೆ ನನಗೂ ಒಳ್ಳೆಯದಲ್ಲ ಅಂದರು. ಸುಲಭದ ದಾರಿ ಒಂದಿದೆ ಅಂತಲೂ ಹೇಳಿದರು. ಗಣತಿಯ ದಿನ ಆ ಮನೆಗಳು ನಿಜವಾಗಿ ಖಾಲಿಯಿದ್ದವು, ಈ ಅರವತ್ತೊಂದು ಜನ ಆಮೇಲೆ ಬಂದು ನೆಲೆಸಿದ್ದಾರೆ ಎಂದು ಬರೆದರಾಯಿತು. ಹೊಸ ನಿವಾಸಿಗಳು ಅಂತ ಒಂದು ಪ್ರಮಾಣಪತ್ರ ನಾನೇ ಕೊಡುತ್ತೇನೆ. ಸಾರಿಗೆಯವರಿಗೆ ಅದು ಸಾಕು. ಬಸ್ಸು ಬರುತ್ತದೆ, ಯಾರ ಮೇಲೂ ತಪ್ಪಿಲ್ಲ, ಎಲ್ಲ ಸಲೀಸು.

ಟೀಚರಿಗೆ ಒಂದು ಕ್ಷಣ ಎದೆ ಹಗುರವಾದದ್ದು ನಿಜ. ಅವಳೇ ಅದನ್ನು ಎಷ್ಟೋ ದಿನದ ಮೇಲೆ ಅತ್ತೆಯ ಹತ್ತಿರ ಒಪ್ಪಿಕೊಂಡಳು. ಹೆಡ್ಮಿಸ್ಸಿನ ಕುರ್ಚಿ, ಗಂಡನ ಮುಖ, ಬೆಳಿಗ್ಗೆ ಐದಕ್ಕೇ ಎದ್ದು ನಡೆಯುತ್ತಿದ್ದ ಹುಡುಗಿಯರು, ಎಲ್ಲಕ್ಕೂ ಒಂದೇ ಸಹಿಯಲ್ಲಿ ಪರಿಹಾರ. ಆದರೆ ‘ಆಮೇಲೆ ಬಂದವರು’ ಎಂಬ ಮಾತು ಅವಳ ಕಿವಿಯಲ್ಲಿ ಕಚ್ಚಿಕೊಂಡಿತು. ಕ್ವಾರಿಯ ಮಾಲೀಕ ಹೇಳುತ್ತಿದ್ದದ್ದೂ ಅದನ್ನೇ. ಆ ಪ್ರಮಾಣಪತ್ರ ಅವನ ಕೈಗೆ ಸಿಕ್ಕಿದರೆ ಹದಿನಾಲ್ಕು ಮನೆಯನ್ನೂ ಎಬ್ಬಿಸಲು ಅದೊಂದೇ ಸಾಕು.

“ಸರ್, ಮೊದಲ ಸಲ ಅವರು ಮನೇಲಿಲ್ಲ ಅಂತ ಬರೆದೆ,” ಅಂದಳು. “ಈಗ ಇದನ್ನ ಬರೆದರೆ, ಅವರು ಊರಲ್ಲೇ ಇರಲಿಲ್ಲ ಅಂತ ಬರೆದ ಹಾಗಾಗುತ್ತೆ. ಒಂದು ಬಿಳಿ ಹಾಳೆ ಕೊಡಿ. ನಡೆದದ್ದನ್ನ ಬರೀತೀನಿ.”

ಅವರು ಇನ್ನೂ ಸ್ವಲ್ಪ ಹೇಳಿನೋಡಿದರು. ಮೊದಲು ನಯವಾಗಿ, ಆಮೇಲೆ ನಿಮ್ಮಿಷ್ಟ ಅನ್ನುವ ಧಾಟಿಯಲ್ಲಿ. ಅವಳು ಚೀಲದಿಂದ ತನ್ನದೇ ಹಾಳೆ ತೆಗೆದಳು. ಹಳ್ಳ, ಹಲಗೆ, ಕಲ್ಲಿನ ಮೇಲೆ ಕೂತದ್ದು, ಬೀಗ, ಯಾವುದನ್ನೂ ಬಿಡದೆ ಒಂದೂವರೆ ಪುಟ ಬರೆದಳು. ಸಹಿ ಹಾಕಿ, ಅರವತ್ತೊಂದು ಜನರ ಪಟ್ಟಿ ಲಗತ್ತಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಮೆಟ್ಟಿಲು ಇಳಿದಳು. ತಂದ ಟೀ ಮೇಜಿನ ಮೇಲೆ ಕೆನೆಗಟ್ಟಿತ್ತು.

ಊರಿಗೆ ಬಂದವಳು ಮಾರನೆಯ ದಿನವೇ ಶಾಲೆಯ ಅಂಗಳದಲ್ಲಿ ಜನರನ್ನು ಸೇರಿಸಿ ಅದನ್ನೇ ಬಾಯಲ್ಲಿ ಹೇಳಿದಳು. ಊರು ಎರಡಾಯಿತು. ಟೀಚರು ಇಷ್ಟು ಧೈರ್ಯ ಮಾಡಿದರಲ್ಲ ಅಂದವರಿದ್ದರು. ಮಾಡೋದೆಲ್ಲ ಮಾಡಿ ಈಗ ದೊಡ್ಡವರಾಗ್ತಾರೆ ಅಂದವರೂ ಇದ್ದರು. ದಿನಸಿ ಅಂಗಡಿಯವನು ಎದುರೇ ಬಂದು ನಿಂತು, ನಿಮ್ಮನ್ನು ನಂಬಿ ನಾನು ಆ ದಿನ ಎಲ್ಲರ ಮುಂದೆ ಮಾತಾಡಿದೆ, ನಿಮ್ಮ ಒಂದು ದಿನದ ಸೋಮಾರಿತನಕ್ಕೆ ಊರೆಲ್ಲ ಕಾಲು ಸವೆಸಬೇಕಾಯಿತು ಅಂದ. ಹೌದು ಅಂದಳು ಅವಳು. ಅವನು ಜಗಳಕ್ಕೆ ತಯಾರಾಗಿ ಬಂದಿದ್ದ. ಹೌದು ಅಂದವರ ಜೊತೆ ಏನು ಜಗಳ ಆಡುವುದು? ಗೊಣಗುತ್ತ ಹೋದ. ಒಂದು ತಿಂಗಳು ಅವಳನ್ನು ಮಾತಾಡಿಸಲಿಲ್ಲ.

ಅವಳು ವಾರಕ್ಕೊಂದು ದಿನ ಪಟ್ಟಣಕ್ಕೆ ಹೋಗುವುದು ಮಾತ್ರ ನಿಲ್ಲಿಸಲಿಲ್ಲ. ಶನಿವಾರ ಶಾಲೆ ಅರ್ಧ ದಿನ. ಗಂಟೆ ಹೊಡೆದ ತಕ್ಷಣ ಕ್ರಾಸಿಗೆ ಹೊರಡುವಳು. ಫೈಲು ಮೇಲೆ ಹೋಗಿದೆ ಅಂದರೆ ಯಾವ ಮೇಜಿಗೆ ಎಂದು ಕೇಳಿ ಆ ಮೇಜಿಗೇ ಹೋಗುವಳು. ಸಾಹೇಬರಿಲ್ಲ ಅಂದರೆ ಬೆಂಚಿನ ಮೇಲೆ ಕೂತು ಮಕ್ಕಳ ಕಾಪಿ ತಿದ್ದುವಳು. ಕಾವಲುಗಾರ ಅವಳಿಗೆಂದೇ ಒಂದು ಬೆಂಚು ಒರೆಸಿಡತೊಡಗಿದ. ಏಳನೇ ವಾರ ವಿಚಾರಣೆಗೆ ಇಬ್ಬರು ಅಧಿಕಾರಿಗಳು ಊರಿಗೆ ಬಂದರು. ಆ ಎರಡು ಕಂಬದ ಮೇಲೆ ಹಳ್ಳ ದಾಟಲು ಒಬ್ಬರು ಒಪ್ಪಲೇ ಇಲ್ಲ. ಇನ್ನೊಬ್ಬರು ಅಜ್ಜಿಯ ಕೈ ಹಿಡಿದು ದಾಟಿದರು, ಹದಿನಾಲ್ಕು ಮನೆಯನ್ನೂ ನೋಡಿದರು, ವಾಪಸು ಬರುವಾಗಲೂ ಅಜ್ಜಿಯ ಕೈ ಬಿಡಲಿಲ್ಲ. ಸಂಕ ಬೇಕು ಎಂದು ಅವರಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಹತ್ತನೇ ವಾರ ತಿದ್ದಿದ ಸಂಖ್ಯೆ ಬಂತು: ಐನೂರ ಇಪ್ಪತ್ತೊಂಬತ್ತು. ಅದರ ಜೊತೆ ಟೀಚರಿಗೆ ಇನ್ನೊಂದು ಕಾಗದವೂ ಬಂತು. ಕರ್ತವ್ಯಲೋಪವನ್ನು ಅವಳ ಸೇವಾ ಪುಸ್ತಕದಲ್ಲಿ ನಮೂದಿಸಲಾಗಿದೆ, ಐದು ವರ್ಷ ಬಡ್ತಿಗೆ ಪರಿಗಣಿಸುವುದಿಲ್ಲ ಎಂದು. ಅವಳು ಅದನ್ನು ಎರಡು ಸಲ ಓದಿ, ಮಡಚಿ, ಕಪಾಟಿನಲ್ಲಿಟ್ಟು, ಮೂರನೇ ಕ್ಲಾಸಿಗೆ ಭಾಗಾಕಾರ ಹೇಳಿಕೊಡಲು ಹೋದಳು. ಆ ದಿನ ಗಂಡ ಪ್ರೆಸ್ಸಿನಿಂದ ಬರುವಾಗ ಅವಳಿಗೊಂದು ಜೊತೆ ಗಟ್ಟಿ ಚಪ್ಪಲಿ ತಂದಿದ್ದ. ಇನ್ನೂ ತುಂಬ ನಡೆಯೋದಿದೆ ತಾನೇ ಅಂದ.

ಸಂಖ್ಯೆ ಸಿಕ್ಕಿತು. ಬಸ್ಸು ಮೊದಲಿನಂತೆ ಊರ ನಡುವಿನವರೆಗೆ ಬರತೊಡಗಿತು. ಊರಿನ ಕೆಲವರಿಗೆ ಅಷ್ಟು ಸಾಕಾಗಿತ್ತು. ಅಲ್ಲಿಂದ ದಡದವರೆಗಿನ ಅರ್ಧ ಮೈಲಿಯ ಮಾತು ಎತ್ತಿದರೆ ಇದೂ ಕೈತಪ್ಪೀತು, ಸುಮ್ಮನಿರಿ ಅಂದರು. ಟೀಚರು ಸುಮ್ಮನಿರಲಿಲ್ಲ. ಆ ಅರವತ್ತೊಂದು ತಲೆಯಿಂದ ಬಂದ ಬಸ್ಸು, ಅವರನ್ನು ಬಿಟ್ಟು ತಿರುಗಿದರೆ ನಾನು ಅದನ್ನು ಹತ್ತುವುದಿಲ್ಲ ಅಂದಳು. ಬೂಟು ಬಿಚ್ಚಿಟ್ಟ ಅಧಿಕಾರಿಯ ಹತ್ತಿರ ಮತ್ತೆ ಹೋದಳು. ದಡದಲ್ಲಿ ತಿರುಗಲು ಜಾಗ ಮಾಡಿಕೊಟ್ಟರೆ ನೋಡೋಣ, ಬಂಡೆ ಒಡೆಯಲು ನಮ್ಮ ಇಲಾಖೆಯಿಂದ ಯಾರೂ ಬರುವುದಿಲ್ಲ ಅಂದರು ಅವರು. ಯಾರೂ ಬರುವುದು ಬೇಡ, ಬಂಡೆಗೆ ಏನು ಬೇಕೋ ಅದನ್ನು ತಿಳಿದವರು ನಮ್ಮಲ್ಲೇ ಇದ್ದಾರೆ ಅಂದಳು.

ಆ ಬಂಡೆ ಮಲಗಿದ ಎಮ್ಮೆಯಷ್ಟಲ್ಲ, ಎಮ್ಮೆಗಳ ಹಿಂಡಿನಷ್ಟಿತ್ತು. ಉಳಿಯಜ್ಜಿ ಅದರ ಸುತ್ತ ಎರಡು ಸುತ್ತು ನಡೆದು, ಅಂಗೈಯಿಂದ ತಟ್ಟಿ, ಅದು ಸೀಳಿಬರುವ ಎಳೆ ಎಲ್ಲಿದೆ ಎಂದು ಸುಣ್ಣದಲ್ಲಿ ಗೆರೆ ಎಳೆದಳು. ಮಾರನೆಯ ಬೆಳಿಗ್ಗೆಯಿಂದ ಕ್ವಾರಿಯ ಕೆಲಸಕ್ಕೆ ಹೋಗುವ ಮೊದಲು ಎರಡು ತಾಸು, ಬಂದ ಮೇಲೆ ಬೆಳಕಿರುವವರೆಗೆ, ಎಂಟು ಸುತ್ತಿಗೆ ಒಟ್ಟಿಗೆ ಬಿದ್ದವು. ಮೊದಲ ದಿನ ಊರಿನಿಂದ ಟೀಚರು, ಅವಳ ಗಂಡ, ಕ್ಷೌರಿಕ ಮೂವರೇ ಚೂರುಗಲ್ಲು ಹೊತ್ತರು. ಕತ್ತರಿ ಹಿಡಿದ ಕೈಗೆ ಬೊಬ್ಬೆ ಬಂದಿದೆ, ಇನ್ನು ಒಂದು ವಾರ ಯಾರ ಕಿವಿಗೂ ನಾನು ಜವಾಬ್ದಾರನಲ್ಲ ಅಂದ ಕ್ಷೌರಿಕ. ಮೂರನೇ ದಿನ ಹದಿನೈದು ಜನವಾದರು. ಐದನೇ ದಿನ ದಿನಸಿ ಅಂಗಡಿಯವನು ಕೈಗಾಡಿ ತಳ್ಳಿಕೊಂಡು ಬಂದ. ಟೀಚರ ಮುಖ ನೋಡದೆ, ಕಲ್ಲು ಎಲ್ಲಿ ಸುರಿಯಬೇಕು ಎಂದು ಅಜ್ಜಿಯನ್ನು ಕೇಳಿದ. ತಗ್ಗಿಗೆ ಸುರಿ ಅಂದಳು ಅಜ್ಜಿ. ಸುರಿದ. ಆಮೇಲೆ ದಿನಾ ಬಂದ.

ಒಂಬತ್ತನೇ ದಿನ ಬಂಡೆಯಿದ್ದಲ್ಲಿ ಬಯಲಾಯಿತು. ಡಿಪೋದವರು ಪರೀಕ್ಷೆಗೆಂದು ಖಾಲಿ ಬಸ್ಸು ಕಳಿಸಿದರು. ಡ್ರೈವರು ದಡಕ್ಕೆ ತಂದ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದ, ಹಿಂದೆ ಬಂದ, ಮುಂದೆ ಹೋದ. ಆಗಲಿಲ್ಲ. ಮುಂದಿನ ಮೂಲೆ ಉಳಿದ ಬಂಡೆಗೆ ತಾಗುತ್ತಿತ್ತು. ಅವನು ಇಳಿದು ನೋಡಿ, ಇನ್ನೊಂದು ಮೊಳ ಸಿಕ್ಕಿದ್ದರೆ ತಿರುಗುತ್ತಿತ್ತು ಅಂದ. ಜೊತೆಗೆ ಬಂದ ಸಾರಿಗೆ ಕಚೇರಿಯ ಅಧಿಕಾರಿ ಫೈಲಿನಲ್ಲಿ ‘ಸಾಧ್ಯವಿಲ್ಲ’ ಎಂದು ಬರೆಯಲು ಪೆನ್ನು ತೆಗೆದರು.

“ಸಂಜೆ ಟ್ರಿಪ್ ಎಷ್ಟು ಹೊತ್ತಿಗೆ?” ಎಂದು ಟೀಚರು ಡ್ರೈವರನ್ನು ಕೇಳಿದಳು.

ಐದೂವರೆಗೆ ಅಂದ ಅವನು.

“ಹಾಗಾದರೆ ಐದೂವರೆಗೆ ಇನ್ನೊಂದು ಸಲ ಬಂದು ತಿರುಗಿಸಿ. ಸರ್, ನೀವು ಆಮೇಲೆ ಬರೀರಿ.”

ಅಧಿಕಾರಿ ಗಡಿಯಾರ ನೋಡಿದರು. ಹನ್ನೊಂದಾಗಿತ್ತು. ಅವರು ಉತ್ತರ ಕೊಡುವ ಮೊದಲೇ ಅಜ್ಜಿ ಬಂಡೆಯ ಮೇಲೆ ಒಂದು ಮೊಳದ ಬದಲು ಎರಡು ಮೊಳಕ್ಕೆ ಗೆರೆ ಎಳೆದಾಗಿತ್ತು. ಆ ದಿನ ಕ್ವಾರಿಗೆ ಯಾರೂ ಹೋಗಲಿಲ್ಲ. ಊರಿನ ಗಂಡಸರು ಹೆಂಗಸರು ಸರದಿಯ ಮೇಲೆ ಸುತ್ತಿಗೆ ಹಿಡಿದರು. ಹಿಡಿಯಲು ಬಾರದವರು ನೀರು ತಂದರು. ಮಂಡಿ ನೋವಿನ ಅತ್ತೆ ಕೋಲೂರಿಕೊಂಡು ಬಂದು ನೆರಳಲ್ಲಿ ಕೂತು, ತಾನು ಹೆರಿಗೆ ಮಾಡಿಸಿದವರನ್ನೆಲ್ಲ ಹೆಸರು ಹಿಡಿದು ಕರೆದು ಕೆಲಸ ಹೇಳಿದರು. ಐದು ಗಂಟೆಗೆ ಕೊನೆಯ ತುಂಡು ಸೀಳಿತು. ಐದೂವರೆಗೆ ಬಸ್ಸು ಬಂತು. ಒಂದು ಸಲ ಮುಂದೆ, ಒಂದು ಸಲ ಹಿಂದೆ, ಮತ್ತೊಂದು ಸಲ ಮುಂದೆ. ಅಷ್ಟೇ. ಬಸ್ಸಿನ ಮೂತಿ ಪಟ್ಟಣದ ಕಡೆಗಿತ್ತು. ಅಧಿಕಾರಿ ಪೆನ್ನು ತೆಗೆದು ಬರೆದರು. ಈ ಸಲ ಏನು ಬರೆದರೆಂದು ಯಾರೂ ಇಣುಕಿ ನೋಡಬೇಕಾಗಲಿಲ್ಲ.

ಸಂಕಕ್ಕೆ ಇನ್ನೂ ಎರಡು ವರ್ಷ ಹಿಡಿಯಿತು. ಟೀಚರ ಶನಿವಾರಗಳೂ ಅಷ್ಟೂ ದಿನ ನಡೆದವು. ಹೆಡ್ಮಿಸ್ಸಿನ ಜಾಗ ಅವಳಿಗಿಂತ ಆರು ವರ್ಷ ಚಿಕ್ಕವಳಾದ ಇನ್ನೊಬ್ಬ ಟೀಚರಿಗೆ ಹೋಯಿತು. ಮೊದಮೊದಲು ಅವಳ ಸಹಿಗೆ ಹಾಜರಿ ಪುಸ್ತಕ ಒಪ್ಪಿಸುವಾಗ ಇವಳು ಕಿಟಕಿಯ ಕಡೆ ನೋಡುತ್ತಿದ್ದಳು, ಆಮೇಲೆ ಅಭ್ಯಾಸವಾಯಿತು. ಕ್ವಾರಿ ಮಾಲೀಕನ ಅರ್ಜಿಯ ವಿಚಾರಣೆಯಲ್ಲಿ ಅವಳ ಒಂದೂವರೆ ಪುಟದ ಹೇಳಿಕೆಯನ್ನೇ ಓದಿದರು. ಅವಳ ಮೇಲೆ ಕರ್ತವ್ಯಲೋಪ ತಂದ ಆ ಕಾಗದವೇ ಹದಿನಾಲ್ಕು ಮನೆಗೆ ಸಾಕ್ಷಿಯಾಯಿತು. ಅರ್ಜಿ ವಜಾ ಆಯಿತು.

ಈಗ ಬೆಳಿಗ್ಗೆ ಬಸ್ಸು ದಡದಿಂದಲೇ ಹೊರಡುವುದರಿಂದ ಊರ ನಡುವಿಗೆ ಬರುವಷ್ಟರಲ್ಲಿ ಸೀಟುಗಳು ತುಂಬಿರುತ್ತವೆ. ಪಟ್ಟಣದಲ್ಲಿ ತರಬೇತಿ ಇದ್ದ ದಿನ ಟೀಚರು ಕಾಪಿಗಳ ಚೀಲ ಹೊತ್ತು ಹತ್ತಿದರೆ ಕೂರಲು ಜಾಗ ಸಿಗುವುದಿಲ್ಲ. ಮುಂದಿನ ಕಿಟಕಿಯ ಪಕ್ಕ ಉಳಿಯಜ್ಜಿ ಕೂತಿರುತ್ತಾಳೆ, ಕಣ್ಣಿನ ಆಸ್ಪತ್ರೆಗೆ ಹೊರಟವಳು. ಎದ್ದು ಜಾಗ ಬಿಡುವುದಿಲ್ಲ. ಕೈ ಚಾಚಿ ಚೀಲವನ್ನು ಮಾತ್ರ ಇಸಕೊಂಡು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ.